ಮಧ್ಯಾಹ್ನದೊಳಗೆ ಹಿಡಿಯಬೇಕಾದದ್ದು

ಬೆಳಗಿನಿಂದ ಟ್ರೋಫಿಮ್ ಮಾಡುತ್ತಿದ್ದದ್ದು ಒಂದೇ ಕೆಲಸ, ತಂಗಿಯ ಮಗಳ ಮುಖ ನೋಡುವುದು. ಕಾರಿನ ಕನ್ನಡಿಯಲ್ಲಿ, ಅಂಗಡಿಯ ಗಾಜಿನಲ್ಲಿ, ಓರೆಗಣ್ಣಿನಲ್ಲಿ. ಇಂಗಾಳದು ಅಗಲವಾದ, ನಿಶ್ಚಿಂತವಾದ ಮುಖ. ಅವರ ಊರು ಉಶ್ತೋಬೆಯ ಏಪ್ರಿಲ್ ಆಕಾಶದ ಹಾಗೆ ಅಲ್ಲಿ ಮೋಡವೂ ಇಲ್ಲ, ಹೇಳಿಕೊಳ್ಳುವಂಥ ಬಿಸಿಲೂ ಇಲ್ಲ. ಆ ಮುಖದಲ್ಲಿ ಎಲ್ಲಾದರೂ ಒಂದು ಕಡೆ ದೀಪ ಹತ್ತಬೇಕು, ಹತ್ತಿದ ಕೂಡಲೇ ತಾನದನ್ನು ಗುರುತಿಸಬೇಕು, ಆರದ ಹಾಗೆ ಅಂಗೈ ಮರೆ ಮಾಡಿಕೊಂಡು ಸಂಜೆ ಊಟದ ಹೊತ್ತಿಗೆ ತಂಗಿಯ ಮನೆಗೆ ಒಯ್ದು ಒಪ್ಪಿಸಬೇಕು. ಸೋಮವಾರ ಹುಡುಗಿ ಶಾಲೆಯಲ್ಲಿ ತನ್ನ ಎರಡು ವಿಷಯ ಯಾವುವೆಂದು ಹೇಳಬೇಕಿತ್ತು. ದೊಡ್ಡ ಪರೀಕ್ಷೆಗೆ ಯಾವ ಜೋಡಿಯೋ ಬಾಳಿಗೂ ಅದೇ ದಾರಿ; ಒಂದು ಜೋಡಿ ಆಸ್ಪತ್ರೆಯ ಕಡೆ ಒಯ್ಯುತ್ತದೆ, ಇನ್ನೊಂದು ಯಂತ್ರದ ಕಡೆ, ಮತ್ತೊಂದು ಕಚೇರಿಗಳ ಕಡೆ. "ನೀನು ಊರನ್ನೆಲ್ಲ ಬಲ್ಲವನು ಅಣ್ಣ, ಒಂದಿನ ಸುತ್ತಾಡಿಸು" ಎಂದು ರಿಮ್ಮಾ ಫೋನಿನಲ್ಲಿ ಅಂದಿದ್ದಳು. "ಕೇಳಿ ಕೇಳಿ ನನ್ನ ಬಾಯಿ ಒಣಗಿಹೋಯ್ತು. ಏನು ಕೇಳಿದ್ರೂ 'ಗೊತ್ತಿಲ್ಲಮ್ಮ' ಅಂತಾಳೆ, ಅದೂ ನಗ್ತಾ ನಗ್ತಾ. ಸಂಜೆಯೊಳಗೆ ಇವಳು ಏನೂ ಹಿಡೀದಿದ್ರೆ ಸೋಮವಾರ ನಾನೇ ಹೋಗಿ ಜೀವಶಾಸ್ತ್ರ, ರಸಾಯನಶಾಸ್ತ್ರ ಅಂತ ಹೇಳಿ ಬರ್ತೀನಿ. ಔಷಧಿ ಕಾಲೇಜಾದ್ರೂ ಸೇರ್ಲಿ." ಅವಳ ಹಿಂದಿನಿಂದ, ಅಡುಗೆಮನೆಯ ಪಾತ್ರೆಗಳ ಸದ್ದಿನ ನಡುವಿನಿಂದ, ಅಮ್ಮನ ದನಿ ತೂರಿ ಬಂದಿತ್ತು: "ಡಾಕ್ಟರಿಗೇ ಹೇಳು! ಡಾಕ್ಟರು ತೋರಿಸ್ತಾನೆ ದಾರಿ!"

ಹಿಡಿಯುವುದು ಎಂಬ ಮಾತಿಗೆ ಅವರ ಕೊರಿಯನ್ ಜನರಲ್ಲಿ ಬೇರೆಯೇ ತೂಕ. ವರ್ಷ ತುಂಬಿದ ಮಗುವಿಗೆ ರೇಷ್ಮೆ ತೊಡಿಸಿ ಮೇಜಿನ ಮುಂದೆ ಬಿಡುತ್ತಾರಲ್ಲ, ಮೇಜಿನ ಮೇಲೆ ಅಕ್ಕಿ, ಪುಸ್ತಕ, ಕತ್ತರಿ, ದಾರ, ಚಾಕು. ಸೂರ್ಯ ನೆತ್ತಿಗೇರುವುದರೊಳಗೆ ಮಗು ಕೈ ಚಾಚಿ ಯಾವುದನ್ನು ಹಿಡಿಯುತ್ತದೋ ಮುಂದೆ ಅದೇ ಆಗುತ್ತದೆ. ಕೊರಿಯಾದ ಗಡಿಯಿಂದ ಹೊರಡಿಸಿ ರೈಲಿನಲ್ಲಿ ತುಂಬಿ ತಂದು ಈ ಕಝಕ್ ಹುಲ್ಲುಗಾಡಿನಲ್ಲಿ ಸುರಿದ ಜನ, ಭಾಷೆಯನ್ನು ಅರ್ಧಕ್ಕರ್ಧ ಮರೆತರು, ಮಕ್ಕಳಿಗೆ ರಷ್ಯದ ಹೆಸರಿಟ್ಟರು, ಮೇಜನ್ನು ಮಾತ್ರ ಬಿಡಲಿಲ್ಲ. ಟ್ರೋಫಿಮ್ ಚಾಕು ಹಿಡಿದಿದ್ದ. ಬೇರೆಯವರಾಗಿದ್ದರೆ ಅಡುಗೆಯವನು ಅಂದುಕೊಳ್ಳುತ್ತಿದ್ದರೋ ಏನೋ, ಆದರೆ ಅಮ್ಮ ಆ ಕ್ಷಣವೇ ಎದ್ದು ನಿಂತು "ಶಸ್ತ್ರವೈದ್ಯ!" ಅಂದಳಂತೆ. ಹದಿನೇಳು ವರ್ಷ ಆ ಒಂದು ಶಬ್ದದ ನೆರಳಿನಲ್ಲಿ ಬೆಳೆದು ಅವನು ಸೆಮೆಯ್‌ನ ವೈದ್ಯಕೀಯ ಕಾಲೇಜಿಗೆ ಹೋದ. ಅಲ್ಲಿನ ಉದ್ದನೆಯ ತಣ್ಣನೆಯ ಕೋಣೆಯಲ್ಲಿ ಅವನ ಕೈ ನಡುಗಲಿಲ್ಲ. ಇದನ್ನು ಅವನು ಯಾರಿಗೂ ಹೇಳಿ ಅರ್ಥ ಮಾಡಿಸಲಾರ. ಕೈ ಚೆನ್ನಾಗಿಯೇ ಇತ್ತು. ಮೇಜಿನ ಮೇಲೆ ಮಲಗಿದ್ದವನ ಮೀಸೆಯನ್ನು ಯಾರೋ ಅಚ್ಚುಕಟ್ಟಾಗಿ ಕತ್ತರಿಸಿದ್ದರು, ಬದುಕಿದ್ದಾಗ, ಬಹುಶಃ ಸಾಯುವ ಹಿಂದಿನ ದಿನವೇ. ಅದೊಂದನ್ನು ದಾಟಿ ಮುಂದೆ ಹೋಗಲು ಅವನಿಂದ ಆಗಲಿಲ್ಲ. ಈರುಳ್ಳಿ ಕೀಳುವ ಕಾಲಕ್ಕೆ ಸರಿಯಾಗಿ ಊರಿಗೆ ವಾಪಸು ಬಂದ. ಅಮ್ಮ ಬೈಯಲಿಲ್ಲ. "ಚಾಕು ಅಂದ್ರೆ ಈರುಳ್ಳೀದೂ ಚಾಕೇ" ಅಂದು ಹೊಲದ ಕಡೆ ನಡೆದುಬಿಟ್ಟಳು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರದ ಹಿಂದೆ ನಿಂತು ಜನರಿಗೆ ಉಸಿರು ಬಿಗಿಹಿಡಿಯಿರಿ, ಈಗ ಬಿಡಿ ಅನ್ನುತ್ತಾನೆ, ನೆಂಟರೆಲ್ಲ ಡಾಕ್ಟರೇ ಅನ್ನುತ್ತಾರೆ, ಅವನೂ ಓಗೊಡುತ್ತಾನೆ.

ಇಂಗಾಳ ಮೇಜಿನ ದಿನ ಅವನೂ ಇದ್ದ. ಮಗು ಯಾವುದನ್ನೂ ಹಿಡಿಯಲಿಲ್ಲ. ಅಕ್ಕಿಯನ್ನು ನೋಡಿತು, ಪುಸ್ತಕವನ್ನು ನೋಡಿತು, ಕತ್ತರಿಯನ್ನು ಬಹಳ ಹೊತ್ತು ನೋಡಿತು, ಮತ್ತೆ ಸುತ್ತ ಕೂತವರನ್ನು ಒಬ್ಬೊಬ್ಬರಂತೆ ನೋಡುತ್ತಾ ಹೋಯಿತು. ಗಡಿಯಾರದ ಮುಳ್ಳುಗಳು ಒಂದಾಗುವ ಹೊತ್ತು ಬಂದೇಬಿಟ್ಟಾಗ ಅಮ್ಮ ತಡೆಯಲಾರದೆ ದಾರದ ಉಂಡೆಯನ್ನು ಮಗುವಿನ ಮುಷ್ಟಿಗೆ ತುರುಕಿದಳು. "ದಾರ! ದೀರ್ಘಾಯುಸ್ಸು!" ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ದೀರ್ಘಾಯುಸ್ಸೇನೋ ಸರಿ, ಆ ಆಯುಸ್ಸನ್ನು ಇಟ್ಟುಕೊಂಡು ಮಾಡುವುದೇನು ಎಂದು ಯಾರೂ ಕೇಳಲಿಲ್ಲ.

"ಇಳಿ" ಅಂದ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ. "ಬಾಯಿ ಬಿಟ್ಟು ಕೇಳು. ಸಂಬಳ ಎಷ್ಟು, ಎಷ್ಟು ವರ್ಷ ಓದ್ಬೇಕು, ನಿಂತು ನಿಂತು ಕಾಲು ನೋಯುತ್ತಾ, ಎಲ್ಲಾ ಕೇಳು."

"ಹ್ಞೂಂ ಮಾವ."

ಅಂಗಡಿಯ ಕಾರ್ಲಿಗಾಶ್ ಅವನ ಹಳೆಯ ಸಹಪಾಠಿ, ದಪ್ಪ ಕನ್ನಡಕದ ಗಟ್ಟಿ ದನಿಯ ಹೆಂಗಸು. "ಓಹೋ, ಡಾಕ್ಟರ್ ಬಂದ್ರು! ಯಾರ ಎಲುಬು ಎಣಿಸಿ ಬಂದ್ರಿ ಈವತ್ತು?" ಅಂದಳು. ಸಾಲಿನಲ್ಲಿ ನಿಂತಿದ್ದ ಇಬ್ಬರು ಮುದುಕರು ನಕ್ಕರು. ಟ್ರೋಫಿಮ್ ತಾನೂ ನಕ್ಕು, ಹುಡುಗಿ ನೋಡಿದಳೇನೋ ಎಂದು ನೋಡಿದ. ಅವಳು ನೋಡುತ್ತಿದ್ದುದು ಕಾರ್ಲಿಗಾಶಳ ಕೈಗಳನ್ನು. ಅವನೇ ಎಲ್ಲವನ್ನೂ ವಿವರಿಸಬೇಕಾಯಿತು, ಇದು ಒಳ್ಳೆಯ ಕೆಲಸ, ಬೆಚ್ಚಗಿರುವ ಕೆಲಸ, ಜನ ಗೌರವ ಕೊಡುತ್ತಾರೆ, ಅಲ್ಲವೇ ಕಾರ್ಲಿಗಾಶ್? ಕಾರ್ಲಿಗಾಶ್ "ಗೌರವಾನಾ? ನಿನ್ನೆ ಒಬ್ಬ ನನ್ನ ಮೇಲೆ ಕೆಮ್ಮಿನ ಔಷಧಿ ಎಸೆದ" ಅಂದಳು. ಆಗ ಇಂಗಾ ಬಾಯಿ ಬಿಟ್ಟಳು.

"ಆಂಟಿ, ಔಷಧಿ ಕೊಡೋ ಮುಂಚೆ ನೀವು ಅದನ್ನ ಒಂದ್ಸಲ ಎದೆಗೆ ಒತ್ಕೊಂಡು ಕೊಡ್ತೀರಲ್ಲ, ಯಾಕೆ?"

"ನಾನಾ? ನಾನೆಲ್ಲಿ?" ಕಾರ್ಲಿಗಾಶ್ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. ಅದು ಅವಳ ಎದೆಯ ಮೇಲೇ ಇತ್ತು. ಸಾಲಿನವರು ಕಾಯುತ್ತಿದ್ದರು. "ಅಯ್ಯೋ" ಎಂದಳು, ಮತ್ತೆ ಏನೋ ಹೇಳತೊಡಗಿದಳು, ಮಗನಿಗೆ ನ್ಯುಮೋನಿಯಾ ಆಗಿದ್ದ ಚಳಿಗಾಲ, ಚುಚ್ಚುಮದ್ದಿನ ಗಾಜಿನ ಸೀಸೆಗಳು ಹೆಪ್ಪುಗಟ್ಟಬಾರದು ಅಂತ ಕೋಟಿನೊಳಗೆ ಮೈಗೆ ಒತ್ತಿಕೊಂಡು ನಿಲ್ದಾಣದಿಂದ ಓಡಿಬಂದದ್ದು. ಟ್ರೋಫಿಮ್‌ಗೆ ಚಡಪಡಿಕೆ. ಸಂಬಳದ ವಿಷಯ ಹಾಗೇ ಉಳಿಯಿತು, ಓದಿನ ವಿಷಯ ಹಾಗೇ ಉಳಿಯಿತು, ಇವಳೇನು ಕೇಳುತ್ತಿದ್ದಾಳೆ? ಇಂಗಾಳ ಮುಖ ನೋಡಿದ. ಬೆಳಕಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಾಳೆ, ಅಷ್ಟೆ. ಔಷಧಿ ಅಂಗಡಿ ಆಗಲಿಲ್ಲ ಅಂದುಕೊಂಡ.

ರೈಲ್ವೆಯ ನಿಯಂತ್ರಣ ಕೋಣೆಯೂ ಆಗಲಿಲ್ಲ. ಅಲ್ಲಿ ರೈಲುಗಳಿಗೆ ದಾರಿ ಬಿಡುವ ಎರ್ಕಿನ್ ಇದ್ದ, ಸ್ಟೇಷನ್ನಿನ ಹಳಿಗಳೆಲ್ಲ ದೀಪಗಳಾಗಿ ಹೊಳೆಯುವ ಗೋಡೆಯಗಲದ ಫಲಕವಿತ್ತು, ಕೆಂಪು, ಹಸಿರು, ಬಿಳಿ. ಇದನ್ನು ಕಂಡರಾದರೂ ಹುಡುಗಿ ಹಿಗ್ಗುತ್ತಾಳೆ ಎಂದು ಟ್ರೋಫಿಮ್‌ಗೆ ನೂರಕ್ಕೆ ನೂರು ನಂಬಿಕೆಯಿತ್ತು, ಯಾಕೆಂದರೆ ಅವನ ಎದೆಯೇ ಹಿಗ್ಗಿತ್ತು. ಕಲ್ಲಿದ್ದಲು ಹೊತ್ತ ಗೂಡ್ಸ್ ಒಂದು ಕೊನೆಯಿಲ್ಲದ ಹಾಗೆ ಹಾದುಹೋಯಿತು. ಎರ್ಕಿನ್ ಕಿಟಕಿಯಲ್ಲಿ ಕೈಯೆತ್ತಿ ಬೀಸಿದ. ಗಣಿತ-ಭೌತಶಾಸ್ತ್ರ ಎಂದು ಟ್ರೋಫಿಮ್ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಇಂಗಾ ಕೇಳಿದ್ದು, "ಅಂಕಲ್, ನೀವು ಕೈ ಬೀಸೋದು ಡ್ರೈವರಿಗೆ ಕಾಣ್ಸುತ್ತಾ?"

"ಹಗಲಲ್ಲಿ ಕಾಣುತ್ತೆ ಕಣಮ್ಮ."

"ರಾತ್ರಿ?"

ಎರ್ಕಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ರಾತ್ರಿ ಕಾಣಲ್ಲ." ಮತ್ತೆ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ, "ರಾತ್ರಿನೂ ಬೀಸ್ತೀನಿ" ಅಂದ. ಆಮೇಲೆ ಮಾತು ನಿಲ್ಲಿಸಲೇ ಇಲ್ಲ. ಅವನ ಅಪ್ಪನೂ ಇದೇ ಕಿಟಕಿಯಲ್ಲಿ ಕೂತವನಂತೆ, ಇವನು ಹುಡುಗನಾಗಿದ್ದಾಗ ಸೇನೆಗೆ ಹೋಗುವ ರೈಲಿನಿಂದ ಈ ಕಿಟಕಿ ಹುಡುಕಿದ್ದನಂತೆ, ಬರೀ ಕತ್ತಲೆಯಂತೆ. ಟ್ರೋಫಿಮ್ ಗಡಿಯಾರ ನೋಡಿಕೊಂಡ. ಇಂಥ ಕತೆಗಳನ್ನೆಲ್ಲ ಸೋಮವಾರ ಯಾವ ವಿಷಯದಲ್ಲಿ ಬರೆಸುವುದು?

ಮತ್ತೆ ಕಾರು. ಕರತಾಲ್ ನದಿಯ ಸೇತುವೆಯ ಹತ್ತಿರ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದು ಎಲ್ಲ ನಿಂತುಹೋಯಿತು. ಟ್ರೋಫಿಮ್ ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತಾ, ಆದಷ್ಟು ಹಗುರ ದನಿಯಲ್ಲಿ, "ಹ್ಞಾಂ, ಈಗ ಹೇಳು. ಎಲ್ಲಿ ಏನನ್ನಿಸ್ತು?" ಅಂದ.

"ಎಲ್ಲಾ ಚೆನ್ನಾಗಿತ್ತು ಮಾವ."

"ಚೆನ್ನಾಗಿತ್ತು ಅಂದ್ರೆ? ನಾನೇನು ಸರ್ಕಸ್ ತೋರಿಸ್ತಿದೀನಾ?"

"ಬೈಬೇಡಿ." ಅವಳು ಕುರಿಗಳನ್ನು ನೋಡುತ್ತಾ ನಕ್ಕಳು. "ಮಾವ, ಒಂದು ಹೇಳ್ಲಾ? ನೀವು ಔಷಧಿ ಅಂಗಡಿನ ಹತ್ರಕ್ಕೆ ಎಳೆದಿಟ್ರಿ."

"ಏನದು?"

"ಮಗುವಿನ ಮೇಜು ಹಾಕೋವಾಗ ಅತ್ತೆಯಂದಿರು ಮಾಡ್ತಾರಲ್ಲ. ಯಾರೂ ನೋಡದಿರೋವಾಗ ಪುಸ್ತಕಾನ ಒಂಚೂರು ಮುಂದಕ್ಕೆ ತಳ್ಳೋದು, ಅಕ್ಕೀನ ಹಿಂದಕ್ಕೆ. ಹಾಗೆ. ಬೆಳಿಗ್ಗೆ ಮೊದಲೇ ಔಷಧಿ ಅಂಗಡಿ. ನಾನು ಇನ್ನೂ ಪೂರ್ತಿ ಎದ್ದಿರಲಿಲ್ಲ."

ಹಾಸ್ಯಕ್ಕೇ ಅಂದದ್ದು. ಆದರೆ ಅವನ ಕಿವಿ ಬಿಸಿಯಾಯಿತು. ಯಾವ ಕೆಲಸ ತಾನು ಮಾಡಬಾರದೆಂದು ನಿನ್ನೆ ರಾತ್ರಿಯೆಲ್ಲ ಹೊರಳಾಡುತ್ತಾ ಯೋಚಿಸಿದ್ದನೋ ಅದನ್ನೇ ಮಾಡಿದ್ದ. ಇಡೀ ಊರನ್ನೇ ಒಂದು ಮೇಜು ಮಾಡಿ, ತನಗೆ ಬೇಕಾದದ್ದನ್ನು ಅವಳ ಕೈಗೆಟಕುವ ಹಾಗೆ ಜೋಡಿಸಿಟ್ಟು, ಹಿಂದೆ ನಿಂತು ಉಸಿರು ಬಿಗಿಹಿಡಿದು ಕಾದಿದ್ದ. ಚಪ್ಪಾಳೆಗೆ ಕೈಗಳೂ ಸಿದ್ಧವಾಗಿದ್ದವೇನೋ. ಯಾಕೆ ಔಷಧಿ ಅಂಗಡಿ? ಆಸ್ಪತ್ರೆಯ ಅಂಚಾದರೂ ಆಗಲಿ ಎಂದೇ? ತನ್ನ ಅರ್ಧ ಉಳಿದ ದಾರಿಯನ್ನು ಇವಳ ಕಾಲಲ್ಲಿ ನಡೆದು ಮುಗಿಸಲೆಂದೇ? ಕುರಿಗಳು ಮುಗಿದಿದ್ದವು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ, ಕಿಟಕಿಯಿಂದ ತಲೆ ಹಾಕಿ, "ಕಾರಲ್ಲೇ ನಿದ್ದೆ ಮಾಡೋಕೆ ಮನೇಲಿ ಹಾಸಿಗೆ ಇಲ್ವೇನೋ ತಾತ!" ಅಂದ. ತಾತ. ಟ್ರೋಫಿಮ್ ಗೇರು ಹಾಕಿದ.

ಅಲ್ಲಿಂದ ಮುಂದೆ ಅವನಿಗೆ ಯಾವ ಯೋಜನೆಯೂ ಉಳಿಯಲಿಲ್ಲ. ತನ್ನದೇ ಒಂದು ಕೆಲಸವಿತ್ತು, ಅದನ್ನು ಮುಗಿಸಿ ಹುಡುಗಿಯನ್ನು ಮನೆಗೆ ಬಿಟ್ಟು ಬಯ್ಯಿಸಿಕೊಳ್ಳುವುದು, ಅಷ್ಟೆ. ಸಮಾಧಿಗಳನ್ನು ನೋಡಲು ಹೋಗುವ ದಿನ ಹತ್ತಿರ ಬಂದಿತ್ತು. ಅಪ್ಪನ ಗೋರಿಗೆ ಹೊಸ ಕಲ್ಲು ಹಾಕಿಸುತ್ತಿದ್ದರು. ಕಲ್ಲಿನ ಮೇಲೆ ಮುಖ ಕೆತ್ತುವ ವಿಲ್ಲಿಯ ಹತ್ತಿರ ಹೋಗಿ ಎಲ್ಲಿಗೆ ಬಂತು ಎಂದು ವಿಚಾರಿಸಬೇಕಿತ್ತು. ವಿಲ್ಲಿ ಜರ್ಮನರವನು. ಅವನ ನೆಂಟರೆಲ್ಲ ಜರ್ಮನಿಗೆ ಹೋದರು, ಇವನೊಬ್ಬ ಹೋಗಲಿಲ್ಲ, ಯಾಕೆಂದು ಯಾರಿಗೂ ಹೇಳಲೂ ಇಲ್ಲ. ಊರಿನಲ್ಲಿ ಅವನಿಂದ ಒಂದು ಪೂರ್ತಿ ವಾಕ್ಯ ಕೇಳಿದವರಿಲ್ಲ. ಹಲ್ಲುನೋವಿಗೆ ಆಸ್ಪತ್ರೆಗೆ ಬಂದಾಗಲೂ ಬೆರಳಲ್ಲೇ ತೋರಿಸಿದವನು. "ನೀನು ಕಾರಲ್ಲೇ ಇರು" ಅಂದ ಟ್ರೋಫಿಮ್, "ಇಲ್ಲಿ ನೋಡೋಕೇನಿಲ್ಲ." ಅವಳು ಆಗಲೇ ಬಾಗಿಲು ತೆಗೆದಿದ್ದಳು.

ತಗಡಿನ ಶೆಡ್ಡಿನೊಳಗೆ ಕಪ್ಪು ಕಲ್ಲುಗಳು ಗೋಡೆಗೊರಗಿ ನಿಂತಿದ್ದವು. ಅವುಗಳ ಕನ್ನಡಿಯಂಥ ಕಪ್ಪಿನಿಂದ ಬಿಳಿ ಚುಕ್ಕೆಗಳಾಗಿ ಮುಖಗಳು ಎದ್ದುಬಂದಿದ್ದವು. ಲಂಗರಿನಂತೆ ಪದಕಗಳನ್ನು ಎದೆಗೆ ತೂಗಿಕೊಂಡ ಮುದುಕಿ, ಟೋಪಿಯ ಕಝಕ್ ತಾತ, ಬೈಕಿನ ಪಕ್ಕ ನಿಂತ ಯುವಕ. ವಿಲ್ಲಿ ವಜ್ರದ ಮೊನೆಯ ಸೂಜಿ ಹಿಡಿದು ಒಂದು ಕೋಟಿನ ಕಾಲರಿನ ಮೇಲೆ ಬಗ್ಗಿದ್ದ. ಅದು ಅಪ್ಪನ ಕೋಟು. ಅಪ್ಪನ ಗಲ್ಲ, ಅಪ್ಪನ ಮೂಗು, ಮೂಗಿನ ಪಕ್ಕದ ಗುಳಿ. ಆದರೆ ಕಣ್ಣುಗಳಿರಬೇಕಾದ ಜಾಗಕ್ಕೆ ಅಡ್ಡಲಾಗಿ ಒಂದು ಒದ್ದೆ ಬಟ್ಟೆ ಅಂಟಿಸಿತ್ತು. ಟ್ರೋಫಿಮ್ ಕೆಮ್ಮಿ, "ನಾಡಿದ್ದಿಗೆ ಆಗುತ್ತಾ ವಿಲ್ಲಿ?" ಅಂದ. ವಿಲ್ಲಿ ತಲೆಯಾಡಿಸಿದ. ಅಲ್ಲಿಗೆ ಮಾತು ಮುಗಿಯಬೇಕಿತ್ತು.

"ತಾತನ ಕಣ್ಣಿಗೆ ಯಾಕೆ ಬಟ್ಟೆ ಹಾಕಿದೀರಿ?" ಅಂದಳು ಇಂಗಾ.

ಸೂಜಿ ನಿಂತಿತು. ವಿಲ್ಲಿ ಅವಳನ್ನು ನೋಡಲಿಲ್ಲ. ಟ್ರೋಫಿಮ್, ಹುಡುಗಿ ಚಿಕ್ಕವಳು, ತಪ್ಪು ತಿಳಿಯಬೇಡ ಅನ್ನಲು ಬಾಯಿ ತೆರೆದ. ಅವಳು ಮಾತ್ರ ಅವಸರ ಮಾಡಲಿಲ್ಲ. ಉತ್ತರ ಬಾರದಿದ್ದರೂ ನಡೆಯುತ್ತದೆ, ಬಂದರೆ ಇಲ್ಲಿದ್ದೇನೆ ಅನ್ನುವ ಹಾಗೆ ನಿಂತಿದ್ದಳು. ಮತ್ತೆ ವಿಲ್ಲಿಯ ದನಿ, ತುಕ್ಕು ಹಿಡಿದ ಬಾಗಿಲಿನ ಹಾಗೆ, ತೆರೆದುಕೊಂಡಿತು.

"ಬೇರೆಯವರು ಕಣ್ಣು ಕೊನೆಗೆ ಮಾಡ್ತಾರೆ. ನಾನು ಮೊದಲು. ಕಣ್ಣು ಬರ್ಲಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ದಂಡ. ಆದ್ರೆ ಕಣ್ಣು ಬಂತು ಅಂದ್ರೆ..." ಅವನು ಬಟ್ಟೆಯ ಅಂಚನ್ನು ನೇರ ಮಾಡಿದ, ಮಲಗಿದ ಮಗುವಿನ ಹೊದಿಕೆ ಸರಿಮಾಡುವ ಹಾಗೆ. "ನೋಡ್ತಾರೆ. ನಾನು ತಪ್ಪು ಮಾಡೋದನ್ನೆಲ್ಲ ನೋಡ್ತಾ ಇರ್ತಾರೆ. ನಂಗೆ ನಾಚಿಕೆ ಆಗುತ್ತೆ. ಅದಕ್ಕೆ, ಸ್ವಲ್ಪ ಹೊತ್ತು ನಿದ್ದೆ ಮಾಡಿ ಅಂತ."

"ಎಲ್ಲಾರೂ ಒಪ್ತಾರಾ?"

"ನಿಮ್ಮ ತಾತ ಒಪ್ಪಿದ್ರು. ಆ ಹುಡುಗ ಒಪ್ಪಲ್ಲ, ಬೈಕಿನವನು." ವಿಲ್ಲಿ ನಕ್ಕ. ವಿಲ್ಲಿ ನಕ್ಕ! "ಎಷ್ಟು ಸಲ ಮುಚ್ಚಿದ್ರೂ ಬಟ್ಟೆ ಒಣಗಿ ಬಿದ್ದೋಗುತ್ತೆ."

ಟ್ರೋಫಿಮ್ ಆ ದಿನ ಮೊದಲ ಸಲ ಇಂಗಾಳ ಮುಖ ನೋಡುವುದನ್ನು ಮರೆತಿದ್ದ. ಅವನು ವಿಲ್ಲಿಯನ್ನು ನೋಡುತ್ತಿದ್ದ. ಕಲ್ಲಿನ ದೂಳು ಮೆತ್ತಿ ಬೂದಿಯಾಗಿದ್ದ ಮುಖ. ಅದರ ಒಂದೊಂದು ಗೆರೆಯೂ ಸಡಿಲಗೊಂಡು, ಕಪ್ಪಿನಿಂದ ಚುಕ್ಕೆ ಚುಕ್ಕೆಯಾಗಿ ಏಳುವ ಹಾಗೆ, ಒಳಗಿನಿಂದ ಇನ್ನೊಬ್ಬ ಮನುಷ್ಯ ಎದ್ದುಬರುತ್ತಿದ್ದ. ಇವನು ಯಾವಾಗಿನಿಂದ ಅಲ್ಲಿದ್ದ? ವಿಲ್ಲಿ ಮೊದಲು ಕೆತ್ತಿದ್ದು ತನ್ನ ತಮ್ಮನ ಮುಖವಂತೆ, ಕಣ್ಣು ತಪ್ಪಿಹೋಯಿತಂತೆ, ಆ ಕಲ್ಲನ್ನು ಬಿಟ್ಟು ಹೋಗಲು ಆಗದೆ ಉಳಿದನಂತೆ. ಇಡೀ ಊರು ಎಷ್ಟೋ ಚಹದ ಮೇಲೆ ಊಹಿಸಿ ಊಹಿಸಿ ಕೈಬಿಟ್ಟದ್ದನ್ನು ಅವನು ಹದಿನಾರರ ಹುಡುಗಿಗೆ, ಈರುಳ್ಳಿಯ ಬೆಲೆ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದ. ಟ್ರೋಫಿಮ್‌ಗೆ ಬೆಳಗಿನ ಕಾರ್ಲಿಗಾಶಳ ಮುಖ ಕಣ್ಣ ಮುಂದೆ ಬಂತು, ಆಗ ತಾನು ನೋಡಿಯೂ ನೋಡದಿದ್ದ ಮುಖ: ದಪ್ಪ ಕನ್ನಡಕದ ಹಿಂದೆ, ಎಂದೋ ಹಿಮದಲ್ಲಿ ಓಡುತ್ತಿದ್ದ ಹರೆಯದ ತಾಯಿ. ಎರ್ಕಿನ್, ಟೋಪಿ ತೆಗೆದ ಎರ್ಕಿನ್, ಕತ್ತಲೆಯ ಕಿಟಕಿ ಹುಡುಕುತ್ತಿದ್ದ ಹುಡುಗ. ಬೆಳಗಿನಿಂದ ದೀಪ ಹತ್ತುತ್ತಲೇ ಇತ್ತು. ಒಂದರ ಹಿಂದೆ ಒಂದು. ಅವನು ಕಾಯುತ್ತಿದ್ದ ಮುಖದಲ್ಲಲ್ಲ, ಆ ಮುಖದ ಎದುರು ನಿಂತವರಲ್ಲಿ. ಮತ್ತು ಹುಡುಗಿಗೆ ಅದು ಗೊತ್ತೇ ಇಲ್ಲ. ತಾನೇನೋ ಮಾಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲದೆ, ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಾಳೆ. ಅವನು ಹಿಂದಕ್ಕೆ ಒಂದು ಹೆಜ್ಜೆ ಸರಿದ, ತೀರ ಹತ್ತಿರ ಬಂದುಬಿಟ್ಟ ರೈಲಿನಿಂದ ಸರಿಯುವ ಹಾಗೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಂತವು. ಮನಸ್ಸಿನ ವೈದ್ಯೆ. ಪತ್ರಕರ್ತೆ. ಶಿಕ್ಷಕಿ. ನ್ಯಾಯಾಧೀಶೆ, ಯಾಕಾಗಬಾರದು? ಒಂದೊಂದಕ್ಕೂ ಒಂದೊಂದು ಜೋಡಿ ವಿಷಯ ಸಿದ್ಧವಿತ್ತು. ಅವಳ ಕಡೆ ತಿರುಗಿ "ಇಂಗಾ, ನೀನು..." ಎಂದು ಆರಂಭಿಸಿದ. ಅವಳು ತಿರುಗಿದಳು. ಅಮ್ಮ ಎದ್ದು ನಿಂತು "ಶಸ್ತ್ರವೈದ್ಯ!" ಅಂದಾಗಲೂ ಅವಳ ಎದೆಯಲ್ಲಿ ಇಷ್ಟೇ ಸಂತೋಷ, ಇಷ್ಟೇ ಬೆರಗು ಇದ್ದಿರಬೇಕು ಎಂದು ಆಗ ಮೊದಲ ಸಲ ಅವನಿಗೆ ಹೊಳೆಯಿತು. ಅಮ್ಮನೂ ಏನನ್ನೋ ಕಂಡೇ ಕೂಗಿದ್ದಳು. "ನೀನು ಸೀಟ್ ಬೆಲ್ಟ್ ಹಾಕ್ಕೋ" ಅಂದ.

ಮನೆಯಲ್ಲಿ ರಿಮ್ಮಾ ತಣ್ಣನೆಯ ಶಾವಿಗೆ ಸಾರು ಬಡಿಸಲು ಬಟ್ಟಲು ಜೋಡಿಸಿದ್ದಳು, ಖಾರದ ಕೋಸು, ಕ್ಯಾರೆಟ್, ಸೌತೆಕಾಯಿ. ಅಮ್ಮ ಮೇಜಿನ ತಲೆಯ ಕಡೆ ಕೂತಿದ್ದಳು. ಎಂಬತ್ತರ ಮೈ, ಹೊಲದಲ್ಲಿ ಬಾಗಿ ಬಾಗಿ ಕುಡುಗೋಲಿನ ಹಾಗೆ ಉಳಿದ ಬೆನ್ನು. ಅವನು ಬೂಟು ಕಳಚುವ ಮೊದಲೇ ಕೇಳಿದಳು. "ಏನು ಹಿಡಿದ್ಲು?"

"ಏನೂ ಇಲ್ಲಮ್ಮ."

"ಏನೂ ಇಲ್ಲ?" ರಿಮ್ಮಾ ಸೌಟನ್ನು ಕೆಳಗಿಟ್ಟಳು. "ಇಡೀ ದಿನ, ಅಣ್ಣ!"

"ಅವಳಿಗೇ ಬಿಡಿ. ಅವಳು..." ಹೇಳಬಾರದು. "ಅವಳು ನೋಡ್ತಿದಾಳೆ."

"ನೋಡ್ತಿದಾಳಂತೆ" ಅಂದಳು ಅಮ್ಮ. "ವರ್ಷದ ಕೂಸಾಗಿದ್ದಾಗಿಂದ ನೋಡ್ತಾನೇ ಇದಾಳೆ. ಡಾಕ್ಟರು ಒಳ್ಳೆ ಔಷಧಿ ಕೊಟ್ಟ."

"ನಿನ್ನಿಷ್ಟಕ್ಕೆ ಬಿಟ್ಟಿದ್ದಕ್ಕೇ ಅಲ್ವಾ ಅಣ್ಣ ನೀನು ಹೀಗಾಗಿದ್ದು" ಅಂದಳು ರಿಮ್ಮಾ. ಅಂದ ಮೇಲೆ ತುಟಿ ಕಚ್ಚಿಕೊಂಡಳು. "ಸಾಕು. ಸೋಮವಾರ ನಾನೇ ಹೋಗ್ತೀನಿ. ಇಂಗಾ, ಅಜ್ಜಿಗೆ ನೀರು ಕೊಡು."

ಇಂಗಾ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಬಗ್ಗಿಸುತ್ತಾ, ಅರ್ಧಕ್ಕೆ ನಿಲ್ಲಿಸಿದಳು. "ಅಜ್ಜಿ, ಯಾರು ನೀರು ಸುರಿದ್ರೂ ನೀವು ಕಿವಿ ಹೀಗೆ ವಾಲಿಸ್ತೀರಲ್ಲ. ಏನು ಕೇಳ್ತೀರಿ?"

ಅಮ್ಮನ ತಲೆ ಓರೆಯಾಗಿಯೇ ಇತ್ತು. ಟ್ರೋಫಿಮ್ ಐವತ್ತು ವರ್ಷ ಆ ತಲೆಯನ್ನು ನೋಡಿದ್ದ, ಆ ವಾಲುವಿಕೆಯನ್ನು ನೋಡಿರಲಿಲ್ಲ. ಅಮ್ಮ ಏನೋ ಚುಚ್ಚುಮಾತು ಹುಡುಕಿದಳು, ಸಿಗಲಿಲ್ಲ. "ಗಂಟೆ" ಅಂದಳು.

"ಯಾವ ಗಂಟೆ?"

"ನದೀದು." ಅಮ್ಮ ಅರ್ಧ ತುಂಬಿದ ಲೋಟವನ್ನು ನೋಡಿದಳು. "ನೀರು ಅಳೆಯೋಕೆ ಒಬ್ಬಳು ಬಂದಿದ್ಲು ಕರತಾಲ್‌ಗೆ. ಪ್ಯಾಂಟು ಹಾಕಿದ ಹೆಂಗಸು. ನಂಗಾಗ ನಿನ್ನಷ್ಟೇ. ದೋಣಿಯಿಂದ ಒಂದು ಪುಟ್ಟ ಚಕ್ರಾನ ನೀರೊಳಕ್ಕೆ ಇಳಿಬಿಡೋಳು. ನೀರು ಅದನ್ನ ತಿರುಗ್ಸೋದು. ಇಷ್ಟು ಸುತ್ತು ಆಯ್ತು ಅಂದ್ರೆ ಮೇಲೆ ಪೆಟ್ಟಿಗೇಲಿ ಟಿಣ್ ಅನ್ನೋದು. ನದಿ ಬಾರಿಸೋದು, ಗೊತ್ತಾ, ನದೀನೇ! ಜೋರಾಗಿ ಹರಿಯೋ ಕಡೆ ಬೇಗ ಬೇಗ, ಸುಸ್ತಾದ ಕಡೆ ನಿಧಾನ. ನಾನು ಪೆಟ್ಟಿಗೆ ಹಿಡ್ಕೊಂಡು ಕೂತಿದ್ದೆ, ಮಡಿಲಲ್ಲಿ. ಬಾ ನನ್ನ ಜೊತೆ, ಓದ್ಸ್ತೀನಿ ಅಂದ್ಲು. ನಮ್ಮಪ್ಪ ಅಂದ, ಇದಕ್ಕೆ ಮಗುವಿನ ಮೇಜೇ ಹಾಕಿಲ್ಲ, ಇದರ ದಾರಿ ಯಾವುದು ಅಂತ ಯಾರಿಗೆ ಗೊತ್ತು, ಇಲ್ಲೇ ಭತ್ತದ ಗದ್ದೇಲಿ ಇರ್ಲಿ ಅಂತ."

"ಮೇಜು ಹಾಕಿರ್ಲಿಲ್ವಾ?" ಅಂದಳು ಇಂಗಾ.

"ಯುದ್ಧ ಕಣೇ. ಅಕ್ಕಿ ಎಲ್ಲಿತ್ತು ಮೇಜಿನ ಮೇಲಿಡೋಕೆ?"

ಮೊದಲ ಮೇಜು ಇಲ್ಲದವರಿಗೆ ಅರವತ್ತು ತುಂಬಿದಾಗ ಹಾಕುವ ಮೇಜೂ ಇಲ್ಲ, ಅವರ ಜನರ ಪದ್ಧತಿ ಅದು. ಅಮ್ಮನಿಗೆ ಅರವತ್ತಾದ ವರ್ಷ ಮಕ್ಕಳು ಊಟ ಹಾಕಿಸಲು ಹೊರಟರೆ, ಹೊಲದಲ್ಲಿ ಈರುಳ್ಳಿ ಕೊಳೀತಿದೆ, ನಿಮಗೆ ಹಬ್ಬ ಬೇಕಾ ಎಂದು ಗದರಿ ಓಡಿಸಿದ್ದಳು. ಜಿಪುಣಿ ಎಂದು ಅವನೂ ರಿಮ್ಮಾಳೂ ನಕ್ಕಿದ್ದರು. ಹಾಗಾದರೆ ಮನೆಯ ಪ್ರತಿ ಮಗುವಿನ ಎದುರೂ ಗಡಿಯಾರ ನೋಡುತ್ತಾ, ತಡೆಯಲಾರದೆ, ಮುಷ್ಟಿಗೆ ಏನನ್ನಾದರೂ ತುರುಕುತ್ತಿದ್ದವಳು, ಯಾರೂ ಏನನ್ನೂ ಮುಂದಿಡದೆ ಹೋದ ಆ ಕೂಸು. ಅವನು ಅಮ್ಮನನ್ನು ನೋಡಿದ. ದೋಣಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಪೆಟ್ಟಿಗೆಯಿತ್ತು. ಅವಳ ಕೈಗಳು, ಈರುಳ್ಳಿಯ ಕಪ್ಪು ಎಂದೂ ಹೋಗದ ಕೈಗಳು, ಅದನ್ನು ಒದ್ದೆಯಾಗದ ಹಾಗೆ ಎತ್ತಿ ಹಿಡಿದಿದ್ದವು. ಟ್ರೋಫಿಮ್ ತನ್ನ ಎರಡು ಕೈಗಳನ್ನು ಮೇಜಿನ ಕೆಳಗೆ ತೊಡೆಗಳ ನಡುವೆ ಬಿಗಿಯಾಗಿ ಇಟ್ಟುಕೊಂಡ. ಈಗ ಏನನ್ನೂ ಮುಟ್ಟಬಾರದು, ಏನನ್ನೂ ಹತ್ತಿರಕ್ಕೆ ಸರಿಸಬಾರದು.

"ಸೋಮವಾರ ಯಾರೂ ಹೋಗೋದು ಬೇಡ" ಅಂದಳು ಅಮ್ಮ, ಯಾರ ಕಡೆಯೂ ನೋಡದೆ. "ಅವಳ ಬಾಯಿ ಅವಳಿಗಿದೆ. ಏನು ಹೇಳ್ತಾಳೋ ಅವಳೇ ಹೇಳ್ಲಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ." ಮತ್ತೆ ಹುಡುಗಿಯ ಕಡೆ ತಿರುಗಿ, ದನಿ ತಗ್ಗಿಸಿ, ಅಡುಗೆಮನೆಯಲ್ಲಿ ಬೇರೆ ಯಾರೂ ಇಲ್ಲದ ಹಾಗೆ, "ಸೇತುವೆ ಕೆಳಗೆ ಒಂದು ಸುಳಿ ಇತ್ತು, ಅಲ್ಲಿ ಚಕ್ರ ಬಿಟ್ರೆ..." ಎಂದಳು. ಅಲ್ಲಿಗೇ ಮಾತು ನಿಲ್ಲಿಸಿದಳು.

ಶಾವಿಗೆ ಸಾರಿನಲ್ಲಿ ಉಬ್ಬಿಹೋಗುತ್ತಿತ್ತು. ರಿಮ್ಮಾ ಬಡಿಸುವುದನ್ನು ಬಿಟ್ಟು ನಿಂತೇ ಇದ್ದಳು. ನಿಧಾನಕ್ಕೆ ಕುರ್ಚಿ ಎಳೆದು ತಾಯಿಯ ಪಕ್ಕ ಕೂತಳು.

"ಆಮೇಲೆ?" ಅಂದಳು ರಿಮ್ಮಾ.